ಯಾರ ಹೆಸರು ಮೊದಲು? ಚಿತ್ರಕಥೆಗಾರರ ಗಿಲ್ಡ್ ಪ್ರಶಸ್ತಿಗಳ ಕುರಿತು ಒಂದು ಅಧ್ಯಯನ

ಕಳೆದ ಸಂಚಿಕೆಯಲ್ಲಿ ವಾರ್ಷಿಕೋತ್ಸವದ ವರದಿ ಓದಿದವರಿಗೆ ನೆನಪಿರಬಹುದು. ತರಗತಿವಾರು ಕಿರುನಾಟಕ ಸ್ಪರ್ಧೆಯ ಫಲಿತಾಂಶದಲ್ಲಿ ‘ಅತ್ಯುತ್ತಮ ನಾಟಕ ರಚನೆ’ ಎಂಬುದರ ಮುಂದೆ ಒಂದೇ ಹೆಸರು ಅಚ್ಚಾಗಿತ್ತು. ಅದು ನನ್ನದು. ಆ ಬಹುಮಾನದ ದೆಸೆಯಿಂದಲೇ ಸಂಪಾದಕ ಮಂಡಳಿಯ ಮೇಡಂ ನನ್ನನ್ನು ಕರೆದು, “ನಾಟಕ ಬರೆದು ಬಹುಮಾನ ತಗೊಂಡಿದ್ದೀಯಲ್ಲ, ಸಿನಿಮಾ ಟೀವಿಗೆ ಬರೆಯೋರಿಗೆ ಕೊಡೋ ಪ್ರಶಸ್ತಿಗಳ ಬಗ್ಗೆ ಒಂದು ಅಧ್ಯಯನ ಲೇಖನ ಬರಿ” ಎಂದರು. ನಾನು ಕಾಮರ್ಸ್ ವಿದ್ಯಾರ್ಥಿನಿ. ಪ್ರಶಸ್ತಿ ಎಂದರೆ ಆಸ್ಕರ್ ಮತ್ತು ಫಿಲಂಫೇರ್ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಎರಡು ಪುಟ ಬರೆದುಕೊಟ್ಟರೆ ಮುಗಿಯಿತು ಎಂದುಕೊಂಡು ಹೂಂ ಎಂದೆ. ಓದುತ್ತಾ ಹೋದಂತೆ ಆ ಒಂದು ಹೆಸರಿನ ಸಾಲು ನನ್ನನ್ನು ಚುಚ್ಚತೊಡಗಿತು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ಆರಿಸಿಕೊಂಡದ್ದು ಅಮೆರಿಕದ ‘ರೈಟರ್ಸ್ ಗಿಲ್ಡ್ ಆಫ್ ಅಮೆರಿಕ’ ಕೊಡುವ ಪ್ರಶಸ್ತಿಗಳನ್ನು. ಇವು ಪ್ರತಿ ವರ್ಷ ಸಿನಿಮಾ, ಟೀವಿ ಮತ್ತು ರೇಡಿಯೋ ಬರವಣಿಗೆಗೆ ಸಿಗುತ್ತವೆ. ನಟರಿಗಿಲ್ಲ, ನಿರ್ದೇಶಕರಿಗಿಲ್ಲ, ಹಾಡಿಗೂ ಇಲ್ಲ. ಬರವಣಿಗೆಗೆ ಮಾತ್ರ. ಕೊಡುವವರೂ ಬರಹಗಾರರೇ, ಮತ ಹಾಕುವವರೂ ಬರಹಗಾರರೇ. ಗಿಲ್ಡ್‌ಗೆ ಪೂರ್ವ, ಪಶ್ಚಿಮ ಎಂದು ಎರಡು ಶಾಖೆಗಳಿರುವುದರಿಂದ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ಎರಡೂ ಕಡೆ ಒಂದೇ ದಿನ ಸಮಾರಂಭ ನಡೆಸುವುದು ರೂಢಿ.

ಮೊದಲ ಪ್ರಶಸ್ತಿಗಳನ್ನು 1949ರಲ್ಲಿ, ಹಿಂದಿನ ವರ್ಷದ ಚಿತ್ರಗಳಿಗೆ ಕೊಟ್ಟರು. ಆಗಿನ ವಿಭಾಗಗಳನ್ನು ನೋಡಿದರೆ ನಗು ಬರುತ್ತದೆ: ಹಾಸ್ಯ, ಗಂಭೀರ, ಸಂಗೀತಮಯ, ಅದರ ಜೊತೆಗೆ ಕುದುರೆ–ಪಿಸ್ತೂಲಿನ ‘ವೆಸ್ಟರ್ನ್’ ಚಿತ್ರಕ್ಕೆ ಬೇರೆಯೇ ಒಂದು! ಆ ವರ್ಷ ವೆಸ್ಟರ್ನ್ ವಿಭಾಗದಲ್ಲಿ ಗೆದ್ದದ್ದು ಜಾನ್ ಹ್ಯೂಸ್ಟನ್ ಬರೆದ ‘ದಿ ಟ್ರೆಷರ್ ಆಫ್ ದಿ ಸಿಯೆರ್ರಾ ಮಾದ್ರೆ’. ಈಗ ಸಿನಿಮಾಕ್ಕೆ ಮುಖ್ಯವಾಗಿ ಎರಡು ವಿಭಾಗ. ಹೊಸದಾಗಿ ಹುಟ್ಟಿದ ಕಥೆಗೆ ಒಂದು, ಕಾದಂಬರಿ ಅಥವಾ ನಾಟಕದಿಂದ ತೆಗೆದುಕೊಂಡದ್ದಕ್ಕೆ ಇನ್ನೊಂದು. ಸಾಕ್ಷ್ಯಚಿತ್ರಕ್ಕೆ ಬೇರೆ ಇದೆ. ಟೀವಿಯಲ್ಲಂತೂ ಧಾರಾವಾಹಿ, ಹಾಸ್ಯ ಧಾರಾವಾಹಿ, ಹೊಸ ಧಾರಾವಾಹಿ, ಒಂದೇ ಕಂತು, ಸುದ್ದಿ ಎಂದು ಪಟ್ಟಿ ಉದ್ದವಾಗುತ್ತದೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಒಂದು ವಿಷಯ ಮಾತ್ರ ಗಮನಿಸಬೇಕು. ಇಡೀ ಧಾರಾವಾಹಿಗೆ ಪ್ರಶಸ್ತಿ ಬಂದಾಗ ಅದು ಅದನ್ನು ಹುಟ್ಟುಹಾಕಿದ ಒಬ್ಬರಿಗೆ ಹೋಗುವುದಿಲ್ಲ. ಆ ಸಾಲಿನಲ್ಲಿ ಬರೆದ ಎಲ್ಲರ ಹೆಸರನ್ನೂ ಓದುತ್ತಾರೆ.

ಗಿಲ್ಡ್ ಎಂದರೆ ಏನು?

ಇದು ಸಾಹಿತ್ಯ ಪರಿಷತ್ತಿನಂಥ ಸಂಸ್ಥೆ ಎಂದು ನಾನು ಮೊದಲು ಭಾವಿಸಿದ್ದೆ. ಅಲ್ಲ, ಇದು ಕಾರ್ಮಿಕ ಸಂಘ. 1933ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಹಾಲಿವುಡ್ ಸ್ಟುಡಿಯೋಗಳು ಸಂಬಳವನ್ನು ಅರ್ಧಕ್ಕೆ ಇಳಿಸಿದವು. ಆಗ ಬರಹಗಾರರು ಒಟ್ಟಾಗಿ ‘ಸ್ಕ್ರೀನ್ ರೈಟರ್ಸ್ ಗಿಲ್ಡ್’ ಅನ್ನು ಗಟ್ಟಿ ಮಾಡಿಕೊಂಡರು. 1954ರಲ್ಲಿ ಅದೂ ರೇಡಿಯೋ, ಟೀವಿ ಬರಹಗಾರರ ಸಂಘಗಳೂ ಸೇರಿ ಇಂದಿನ ಗಿಲ್ಡ್ ಆಯಿತು. ಮೊದಲಿದ್ದ ಪದ್ಧತಿಯಲ್ಲಿ, ಚಿತ್ರದ ಮೇಲೆ ಯಾರ ಹೆಸರು ಬರಬೇಕು ಎಂಬುದನ್ನು ನಿರ್ಮಾಪಕರೇ ತೀರ್ಮಾನಿಸುತ್ತಿದ್ದರು. ಬರೆದವನ ಹೆಸರು ಹೋಗಿ ನಿರ್ಮಾಪಕನ ನೆಂಟನ ಹೆಸರು ಬಂದರೂ ಕೇಳುವವರಿರಲಿಲ್ಲ. ವರ್ಷಗಟ್ಟಲೆ ಹೋರಾಡಿ 1940ರ ದಶಕದ ಆರಂಭದಲ್ಲಿ ಮೊದಲ ಒಪ್ಪಂದ ಪಡೆದಾಗ ಗಿಲ್ಡ್ ಗೆದ್ದ ದೊಡ್ಡ ಹಕ್ಕು ಎಂದರೆ ಇದೇ: ಯಾರ ಹೆಸರು ಎಂಬುದನ್ನು ಇನ್ನು ಮುಂದೆ ಬರಹಗಾರರ ಸಂಘವೇ ಹೇಳುತ್ತದೆ.

ಅದೇ ಕಾಲದ ಒಂದು ಪ್ರಸಿದ್ಧ ಜಗಳ ‘ಸಿಟಿಜನ್ ಕೇನ್’ (1941) ಚಿತ್ರದ್ದು. ಅದನ್ನು ನಿರ್ದೇಶಿಸಿ ನಟಿಸಿದವರು ಆರ್ಸನ್ ವೆಲ್ಸ್, ಆಗಲೇ ದೇಶಕ್ಕೆಲ್ಲ ಗೊತ್ತಿದ್ದ ಹೆಸರು. ಚಿತ್ರಕಥೆಯ ಕೆಲಸಕ್ಕೆ ಕರೆಸಿದ್ದ ಹರ್ಮನ್ ಮ್ಯಾಂಕಿವಿಚ್ ಅವರ ಹೆಸರು ಹಾಕಬೇಕಿಲ್ಲ ಎಂಬ ಷರತ್ತು ಕರಾರಿನಲ್ಲೇ ಇತ್ತು. ಮ್ಯಾಂಕಿವಿಚ್ ಸುಮ್ಮನಿರಲಿಲ್ಲ, ಗಿಲ್ಡ್‌ಗೆ ದೂರು ಕೊಟ್ಟರು. ಕೊನೆಗೆ ಚಿತ್ರ ಬಂದಾಗ ಇಬ್ಬರ ಹೆಸರೂ ಇತ್ತು, ಮ್ಯಾಂಕಿವಿಚ್ ಅವರದು ಮೇಲೆ. ಆ ಚಿತ್ರ 9 ಆಸ್ಕರ್‌ಗಳಿಗೆ ಸ್ಪರ್ಧಿಸಿ ಒಂದನ್ನು ಮಾತ್ರ ಗೆದ್ದಿತು. ಅದು ಬರವಣಿಗೆಗೆ ಬಂದದ್ದು. ಹೆಸರು ಇಲ್ಲದಿದ್ದರೆ ಆ ಒಂದೂ ಅವರಿಗೆ ಸಿಗುತ್ತಿರಲಿಲ್ಲ.

ಒಂದು ಚಿಹ್ನೆಯ ಬೆಲೆ

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇಂಗ್ಲಿಷ್ ಚಿತ್ರದ ಟೈಟಲ್ ಕಾರ್ಡಿನಲ್ಲಿ ಇಬ್ಬರ ಹೆಸರಿನ ನಡುವೆ ಕೆಲವು ಕಡೆ & ಚಿಹ್ನೆ ಇರುತ್ತದೆ, ಕೆಲವು ಕಡೆ ‘ಆ್ಯಂಡ್’ ಎಂದು ಅಕ್ಷರದಲ್ಲಿ ಇರುತ್ತದೆ. ಎರಡೂ ಒಂದೇ ಎಂದುಕೊಂಡಿದ್ದೆ. ಗಿಲ್ಡ್ ಲೆಕ್ಕದಲ್ಲಿ ಬೇರೆ ಬೇರೆ. & ಎಂದರೆ ಇಬ್ಬರೂ ಒಟ್ಟಿಗೆ ಕುಳಿತು ಜೋಡಿಯಾಗಿ ಬರೆದವರು. ‘ಆ್ಯಂಡ್’ ಎಂದರೆ ಒಬ್ಬರು ಬರೆದ ಮೇಲೆ ಇನ್ನೊಬ್ಬರು ಬೇರೆಯಾಗಿ ಅದರ ಮೇಲೆ ಕೆಲಸ ಮಾಡಿದ್ದಾರೆ ಎಂದರ್ಥ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆಯೂ ಇರಬಹುದು.

2006ರಲ್ಲಿ ಗಿಲ್ಡ್ ಸದಸ್ಯರು ಸಾರ್ವಕಾಲಿಕ 101 ಶ್ರೇಷ್ಠ ಚಿತ್ರಕಥೆಗಳನ್ನು ಆರಿಸಿದಾಗ ಮೊದಲ ಸ್ಥಾನ ಪಡೆದ ‘ಕ್ಯಾಸಾಬ್ಲಾಂಕಾ’ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಜೂಲಿಯಸ್ ಮತ್ತು ಫಿಲಿಪ್ ಎಪ್‌ಸ್ಟೀನ್ ಎಂಬ ಅವಳಿ ಸಹೋದರರು ಜೋಡಿ. ಹೊವಾರ್ಡ್ ಕಾಕ್ ಬೇರೆಯಾಗಿ ಬರೆದವರು. ಮೂಲದಲ್ಲಿ ಅದು ಮರ್ರೆ ಬರ್ನೆಟ್ ಮತ್ತು ಜೋನ್ ಆಲಿಸನ್ ಬರೆದ, ಆವರೆಗೆ ರಂಗವನ್ನೇ ಕಾಣದ ನಾಟಕ; ಸ್ಟುಡಿಯೋ 20,000 ಡಾಲರ್ ಕೊಟ್ಟು ಕೊಂಡಿತ್ತು. ಕೇಸಿ ರಾಬಿನ್ಸನ್ ಎಂಬ ಇನ್ನೊಬ್ಬರೂ ಕೆಲಸ ಮಾಡಿದ್ದರು, ಅವರ ಹೆಸರು ಪರದೆಯ ಮೇಲೆ ಇಲ್ಲ. ಜಗತ್ತೇ ಮೆಚ್ಚಿದ ಒಂದು ಕಥೆಯ ಹಿಂದೆ ಇಷ್ಟು ಕೈಗಳಿವೆ ಎಂಬುದು ನನಗೆ ಹೊಸ ವಿಷಯ.

ಹೆಸರಿನ ಬಗ್ಗೆ ತಕರಾರು ಬಂದರೆ ಏನು ಮಾಡುತ್ತಾರೆ? ಮೊದಲು ನಿರ್ಮಾಣ ಸಂಸ್ಥೆ ತಾನು ಹಾಕಬೇಕೆಂದಿರುವ ಹೆಸರುಗಳ ಪಟ್ಟಿಯನ್ನು, ಆ ಚಿತ್ರಕ್ಕೆ ಬರೆದ ಎಲ್ಲರಿಗೂ ಕಳಿಸಬೇಕು. ಯಾರಾದರೂ ಒಬ್ಬರು ಒಪ್ಪದಿದ್ದರೆ ಗಿಲ್ಡ್ ಮೂವರು ತೀರ್ಪುಗಾರರನ್ನು ನೇಮಿಸುತ್ತದೆ. ಅವರೂ ಬರಹಗಾರರೇ, ಸಂಬಳವಿಲ್ಲದೆ ಮಾಡುವ ಕೆಲಸ. ಮೊದಲ ಕರಡಿನಿಂದ ಕೊನೆಯ ಕರಡಿನವರೆಗೆ ಎಲ್ಲವನ್ನೂ ಓದುತ್ತಾರೆ. ಅವರಿಗೆ ಬರೆದವರ ಹೆಸರು ತಿಳಿಸುವುದಿಲ್ಲ. ‘ಬರಹಗಾರ ಎ’, ‘ಬರಹಗಾರ ಬಿ’, ‘ಬರಹಗಾರ ಸಿ’ ಎಂದಷ್ಟೇ ಇರುತ್ತದೆ. ಯಾರು ತೀರ್ಪು ಕೊಟ್ಟರು ಎಂದು ಬರಹಗಾರರಿಗೂ ತಿಳಿಯುವುದಿಲ್ಲ. ನಿರ್ದೇಶಕ ಅಥವಾ ನಿರ್ಮಾಪಕ ತಾನೂ ಬರೆದಿದ್ದೇನೆ ಎಂದು ಇತರರ ಜೊತೆ ಹೆಸರು ಸೇರಿಸಿಕೊಳ್ಳಲು ಹೊರಟರಂತೂ ಯಾರೂ ತಕರಾರು ಮಾಡದಿದ್ದರೂ ಪರಿಶೀಲನೆ ಆಗಲೇಬೇಕು. ಅಧಿಕಾರ ಇರುವವರ ಮೇಲೆ ಒಂದು ಕಣ್ಣು ಹೆಚ್ಚು.

ತೀರ್ಪುಗಾರರು ನೋಡುವುದು ನಾಲ್ಕು ಅಂಶಗಳನ್ನು. ಕಥೆಯ ಕಟ್ಟಡ, ಹೊಸ ದೃಶ್ಯಗಳು, ಪಾತ್ರಗಳು ಮತ್ತು ಅವುಗಳ ನಡುವಿನ ಸಂಬಂಧ, ಸಂಭಾಷಣೆ. ಮೂಲ ಕಥೆಯ ಚಿತ್ರವಾದರೆ ನಂತರ ಬಂದ ಬರಹಗಾರನ ಪಾಲು ಅರ್ಧದಷ್ಟಾದರೂ ಇರಬೇಕು, ಇಲ್ಲದಿದ್ದರೆ ಚಿತ್ರಕಥೆಯಲ್ಲಿ ಹೆಸರು ಇಲ್ಲ. ಮೊದಲು ಕಥೆ ಹುಟ್ಟಿಸಿದವನಿಗೆ ಅಷ್ಟು ರಕ್ಷಣೆ. ಆದರೆ ಪಾಲನ್ನು ಅಳೆಯುವುದು ಪುಟ ಎಣಿಸಿ ಅಲ್ಲ. ಗಿಲ್ಡ್ ತನ್ನ ಕೈಪಿಡಿಯಲ್ಲೇ ಹೇಳುತ್ತದೆ: ಮಾತುಗಳನ್ನೆಲ್ಲ ಬದಲಿಸಿದರೂ ಒಟ್ಟು ಚಿತ್ರಕಥೆ ಬದಲಾಗಿಲ್ಲ ಎಂದು ತೀರ್ಪು ಬಂದದ್ದುಂಟು. ಕಡಿಮೆ ಬದಲಾವಣೆಯೇ ದೊಡ್ಡ ಕೊಡುಗೆ ಎಂದು ತೀರ್ಪಾದದ್ದೂ ಉಂಟು.

ಈ ವಾಕ್ಯದ ಮೊದಲ ಅರ್ಧ ಓದಿದಾಗ ನನಗೆ ಸಮಾಧಾನವಾಯಿತು, ಎರಡನೇ ಅರ್ಧಕ್ಕೆ ಹೊಟ್ಟೆಯಲ್ಲಿ ಕಸಿವಿಸಿ. ಈಗ ಆ ವಿಷಯ ಹೇಳಲೇಬೇಕು.

ನಮ್ಮ ನಾಟಕ ನೋಡಿದವರಿಗೆ ಗೊತ್ತು. ಹಿರಿಮಗಳ ಮದುವೆಗೆಂದು ಶಾದಿ ಮಹಲಿಗೆ ಕೊಡಲು ತಂದೆ ಯಾರಿಗೂ ಹೇಳದೆ ಸಾಲ ಮಾಡಿರುತ್ತಾನೆ. ಕಾಮರ್ಸ್ ಓದುವ ಕಿರಿಮಗಳು ಮನೆಯ ಖರ್ಚಿನ ಪುಸ್ತಕ ತಾಳೆ ನೋಡುವಾಗ ಅದು ಬಯಲಾಗುತ್ತದೆ. ಈ ಕಥೆ ನನ್ನದು. ನಾಲ್ಕು ದೃಶ್ಯಗಳ ಕ್ರಮವೂ ನನ್ನದು. ಆದರೆ ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ನನ್ನ ಕನ್ನಡ ಶಾಲೆಯ ಪುಸ್ತಕದಿಂದ ಬಂದದ್ದು. ನನ್ನ ಪಾತ್ರಗಳೆಲ್ಲ ಪ್ರಬಂಧ ಸ್ಪರ್ಧೆಯಲ್ಲಿ ನಿಂತವರಂತೆ ಮಾತಾಡುತ್ತಿದ್ದವು. ನನ್ನ ಗೆಳತಿ ಅದನ್ನು ಶುಕ್ರವಾರ ಮನೆಗೆ ಒಯ್ದು ಸೋಮವಾರ ತಂದಳು. ಮಾತುಗಳನ್ನು ಮನೆಮಾತು ಮಾಡಿದ್ದಳು. ಅಷ್ಟೇ ಅಲ್ಲ, ನಾನು ಮೂರನೇ ದೃಶ್ಯದಲ್ಲಿ ಗಂಡ ಹೆಂಡತಿ ಜಗಳ ಬರೆದಿದ್ದೆ, ಅದನ್ನು ಪೂರ್ತಿ ತೆಗೆದುಹಾಕಿ ಬೇರೆಯೇ ಬರೆದಿದ್ದಳು. ತಾಯಿ ಒಣಗಿದ ಬಟ್ಟೆ ಮಡಚುತ್ತಾ ಮಗಳ ಹತ್ತಿರ ಏನೇನೋ ಮಾತಾಡುತ್ತಾಳೆ. ಸಾಲದ ಮಾತೇ ಎತ್ತುವುದಿಲ್ಲ. ಆದರೂ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ನೋಡುವವರಿಗೆ ತಿಳಿಯುತ್ತದೆ. ಸಭಾಂಗಣ ಸುಮ್ಮನಾದದ್ದು ಆ ದೃಶ್ಯಕ್ಕೆ. ಬಹುಮಾನ ಘೋಷಿಸುವಾಗ ತೀರ್ಪುಗಾರರು ಹೊಗಳಿದ್ದೂ ಅದನ್ನೇ.

ಅರ್ಜಿಯಲ್ಲಿ ‘ರಚನೆ’ ಎಂಬುದರ ಮುಂದೆ ಒಂದೇ ಗೆರೆ ಇತ್ತು. ತುಂಬಿದವಳು ನಾನು. ಗೆಳತಿ ನೋಡಿದಳು, “ಪರವಾಗಿಲ್ಲ ಬಿಡೇ” ಎಂದಳು. ನಾನು ಬಿಟ್ಟುಬಿಟ್ಟೆ.

ಹೆಸರು ಎಂದರೆ ಹಣ

ಕಾಮರ್ಸ್ ಓದುವವರಿಗೆ ಈ ಭಾಗ ಆಸಕ್ತಿ ಹುಟ್ಟಿಸಬಹುದು. ಗಿಲ್ಡ್‌ನಲ್ಲಿ ಹೆಸರಿಗೆ ಇಷ್ಟು ಜಗಳ ಯಾಕೆ ಎಂದರೆ ಹೆಸರಿನ ಹಿಂದೆಯೇ ಹಣ ಬರುತ್ತದೆ. ಚಿತ್ರ ಚಿತ್ರಮಂದಿರದಿಂದ ಹೊರಬಂದು ಟೀವಿಯಲ್ಲಿ, ಡಿಸ್ಕ್‌ನಲ್ಲಿ, ಓಟಿಟಿಯಲ್ಲಿ ಮತ್ತೆ ಮತ್ತೆ ಓಡಿದಾಗ ಬರಹಗಾರರಿಗೆ ಸಿಗುವ ಪಾಲಿಗೆ ‘ರೆಸಿಡ್ಯುಯಲ್’ ಎನ್ನುತ್ತಾರೆ. ನಮ್ಮ ಪಠ್ಯದ ರಾಯಧನಕ್ಕೆ ಹತ್ತಿರದ್ದು. ಟೀವಿಗೆ ಮಾರಿದ ಚಿತ್ರಗಳ ಮೇಲೆ ಈ ಹಕ್ಕನ್ನೂ, ಪಿಂಚಣಿ ಮತ್ತು ಆರೋಗ್ಯ ನಿಧಿಯನ್ನೂ ಪಡೆಯಲು 1960ರಲ್ಲಿ ತಿಂಗಳುಗಟ್ಟಲೆ ಮುಷ್ಕರ ಹೂಡಬೇಕಾಯಿತು.

ಹಂಚಿಕೆ ಹೀಗೆ. ‘ಕಥೆ’ ಒಬ್ಬರದು, ‘ಚಿತ್ರಕಥೆ’ ಇನ್ನೊಬ್ಬರದು ಎಂದಿದ್ದರೆ ಕಥೆಗೆ ಶೇ. 25, ಚಿತ್ರಕಥೆಗೆ ಶೇ. 75. ಚಿತ್ರಕಥೆಯಲ್ಲಿ ಇಬ್ಬರ ಹೆಸರಿದ್ದರೆ ಆ 75 ಇಬ್ಬರಿಗೂ ಸಮ. & ಚಿಹ್ನೆಯ ಜೋಡಿ ಇದ್ದರೆ ಅವರನ್ನು ಒಬ್ಬರಂತೆ ಎಣಿಸಿ, ಬಂದದ್ದನ್ನು ಅವರು ತಮ್ಮೊಳಗೆ ಹಂಚಿಕೊಳ್ಳಬೇಕು. ಒಂದು ಸಣ್ಣ ಚಿಹ್ನೆಯಿಂದ ಒಬ್ಬರ ಪಾಲು ಅರ್ಧವಾಗುವುದು ಹೀಗೆ. ನಮ್ಮ 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಒಪ್ಪಂದ ಪತ್ರ ಇಲ್ಲದಿದ್ದರೆ ಲಾಭ ಎಲ್ಲರಿಗೂ ಸಮ ಎಂದು ಓದಿದ್ದೇವಲ್ಲ. ಅಲ್ಲಿ ಮೊದಲು ‘ಯಾರು ಪಾಲುದಾರರು’ ಎಂಬುದನ್ನೇ ಮೂವರು ಕುಳಿತು ನಿರ್ಧರಿಸುತ್ತಾರೆ, ಆಮೇಲೆ ಲೆಕ್ಕ.

ಈ ಒಪ್ಪಂದ ಪ್ರಶಸ್ತಿಯ ಮೇಲೂ ಪರಿಣಾಮ ಬೀರುತ್ತದೆ. ಗಿಲ್ಡ್‌ನ ಅಥವಾ ಅದರ ಸಹಸಂಘಗಳ ಒಪ್ಪಂದಕ್ಕೆ ಒಳಪಡದ ಚಿತ್ರಕಥೆ ಎಷ್ಟೇ ಚೆನ್ನಾಗಿದ್ದರೂ ಸ್ಪರ್ಧೆಗೆ ಬರುವುದಿಲ್ಲ. ಕ್ವೆಂಟಿನ್ ಟರಾಂಟಿನೊ ಗಿಲ್ಡ್ ಸದಸ್ಯರಲ್ಲ. ಅವರ ‘ಜಾಂಗೊ ಅನ್‌ಚೈನ್ಡ್’ ಆಸ್ಕರ್ ಗೆದ್ದರೂ ಇಲ್ಲಿ ಅರ್ಹವಾಗಲಿಲ್ಲ. ‘ದಿ ಕಿಂಗ್ಸ್ ಸ್ಪೀಚ್’, ‘12 ಇಯರ್ಸ್ ಎ ಸ್ಲೇವ್’ ಕಥೆಯೂ ಅದೇ. ಆದ್ದರಿಂದ ಇದು ‘ವರ್ಷದ ಅತ್ಯುತ್ತಮ ಬರವಣಿಗೆ’ ಎಂದು ಕಣ್ಣು ಮುಚ್ಚಿ ಹೇಳುವುದು ತಪ್ಪು. ಸಂಘದ ನಿಯಮದೊಳಗೆ ಬಂದವುಗಳಲ್ಲಿ ಅತ್ಯುತ್ತಮ ಎನ್ನಬೇಕು. ಇದು ಈ ಪ್ರಶಸ್ತಿಯ ಕೊರತೆ ಎಂದೇ ನನ್ನ ಅಭಿಪ್ರಾಯ. ಗೊತ್ತಿದ್ದೂ ಅವರು ಬಿಟ್ಟುಕೊಟ್ಟಿಲ್ಲ, ಯಾಕೆಂದರೆ ಅವರಿಗೆ ಪ್ರಶಸ್ತಿಗಿಂತ ಒಪ್ಪಂದ ಮುಖ್ಯ. 2023ರಲ್ಲಿ ಅದು ಕಣ್ಣಿಗೆ ಕಂಡಿತು. ಮೇ 2ರಿಂದ 148 ದಿನ ಮುಷ್ಕರ ನಡೆಯಿತು. ಓಟಿಟಿಯ ಪಾಲು ಒಂದು ಬೇಡಿಕೆ, ಕೃತಕ ಬುದ್ಧಿಮತ್ತೆ ಇನ್ನೊಂದು. ಯಂತ್ರ ಬರೆದದ್ದನ್ನು ಬರಹಗಾರನ ಕೃತಿ ಎಂದು ಲೆಕ್ಕಿಸಬಾರದು, ಅದಕ್ಕೆ ಹೆಸರು ಕೊಡಬಾರದು ಎಂಬುದು ಒಪ್ಪಂದಕ್ಕೆ ಸೇರಿತು. ಪ್ರಶಸ್ತಿ ಸಮಾರಂಭ ಏಪ್ರಿಲ್ 2024ಕ್ಕೆ ಮುಂದೆ ಹೋಯಿತು, ಆಸ್ಕರ್ ಮುಗಿದು ಒಂದು ತಿಂಗಳ ಮೇಲೆ! ಆ ಸಲ ‘ದಿ ಹೋಲ್ಡೋವರ್ಸ್’ ಬರೆದ ಡೇವಿಡ್ ಹೆಮಿಂಗ್‌ಸನ್ ಮತ್ತು ‘ಅಮೆರಿಕನ್ ಫಿಕ್ಷನ್’ ಬರೆದ ಕಾರ್ಡ್ ಜೆಫರ್ಸನ್ ಗೆದ್ದರು.

ಈ ಲೇಖನದ ಕರಡನ್ನು ಮನೆಯಲ್ಲಿ ಓದಿದಾಗ ಅಬ್ಬಾ ನಕ್ಕು, “ಇದಕ್ಕೆ ಅಮೆರಿಕಕ್ಕೆ ಯಾಕೆ ಹೋಗಬೇಕು, ಸಲೀಂ–ಜಾವೇದ್ ಇಲ್ಲವಾ?” ಎಂದರು. 1973ರಲ್ಲಿ ‘ಜಂಜೀರ್’ ಬಂದಾಗ ಪೋಸ್ಟರ್ ಮೇಲೆ ಬರಹಗಾರರ ಹೆಸರು ಹಾಕಿರಲಿಲ್ಲ. ಇವರಿಬ್ಬರೂ ಪೇಂಟರ್ ಒಬ್ಬನನ್ನು ಹಿಡಿದು ಮುಂಬೈಯ ಪೋಸ್ಟರ್‌ಗಳ ಮೇಲೆಲ್ಲ ತಮ್ಮ ಹೆಸರು ಬರೆಸಿದರು. ಅವರದು ನಿಜವಾದ & ಜೋಡಿ, ಎರಡು ಹೆಸರು ಸೇರಿ ಒಂದೇ ಹೆಸರಾಗಿತ್ತು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ‘ಶೋಲೆ’ ಬಂದ ವರ್ಷ ಫಿಲಂಫೇರ್‌ನ ಕಥೆ, ಚಿತ್ರಕಥೆ, ಸಂಭಾಷಣೆ ಮೂರೂ ಅವರದೇ ‘ದೀವಾರ್’ಗೆ ಹೋಯಿತು. ಡಾ. ರಾಜ್‌ಕುಮಾರ್ ಅವರ ‘ಪ್ರೇಮದ ಕಾಣಿಕೆ’ಯ ಕಥೆಯೂ ಇವರದು ಎಂದು ಅಬ್ಬಾ ಹೇಳಿದಾಗ ನಾನು ನಂಬಲಿಲ್ಲ, ನೋಡಿದರೆ ನಿಜ. ನಮ್ಮಲ್ಲಿ ಬರಹಗಾರರಿಗೆ ರಾಯಧನದ ಹಕ್ಕನ್ನು ಗಟ್ಟಿ ಮಾಡಿದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿ. ಆಗ ರಾಜ್ಯಸಭೆಯಲ್ಲಿದ್ದ ಜಾವೇದ್ ಅಖ್ತರ್ ಅದಕ್ಕಾಗಿ ವಾದಿಸಿದವರು.

ಇಲ್ಲದ ಹೆಸರಿಗೆ ಪ್ರಶಸ್ತಿ

ಗಿಲ್ಡ್ ಇತಿಹಾಸದಲ್ಲಿ ಅದರ ತಲೆ ತಗ್ಗುವ ಅಧ್ಯಾಯ ಒಂದಿದೆ. 1947ರಲ್ಲಿ ಅಮೆರಿಕದ ಸಂಸತ್ತಿನ ಒಂದು ಸಮಿತಿ ಹಾಲಿವುಡ್‌ನಲ್ಲಿ ಕಮ್ಯುನಿಸ್ಟರನ್ನು ಹುಡುಕಲು ಹೊರಟಿತು. ಪ್ರಶ್ನೆಗೆ ಉತ್ತರ ಕೊಡಲು ನಿರಾಕರಿಸಿದ ಹತ್ತು ಮಂದಿ ಜೈಲಿಗೆ ಹೋದರು. 1933ರಲ್ಲಿ ಗಿಲ್ಡ್‌ನ ಅಧ್ಯಕ್ಷರಾಗಿದ್ದ ಜಾನ್ ಹೊವಾರ್ಡ್ ಲಾಸನ್ ಅವರಲ್ಲಿ ಒಬ್ಬರು. ಡಾಲ್ಟನ್ ಟ್ರಂಬೊ ಇನ್ನೊಬ್ಬರು. ಬಿಡುಗಡೆಯಾದ ಮೇಲೂ ಇವರಿಗೆ ಯಾರೂ ಕೆಲಸ ಕೊಡುವಂತಿರಲಿಲ್ಲ. ಇದಕ್ಕಿಂತ ನೋವಿನ ಮಾತೆಂದರೆ, ಇಂಥವರ ಹೆಸರನ್ನು ಪರದೆಯಿಂದ ತೆಗೆದುಹಾಕಲು 1950ರ ದಶಕದ ಆರಂಭದಲ್ಲಿ ಗಿಲ್ಡ್ ಕೂಡ ಸ್ಟುಡಿಯೋಗಳಿಗೆ ಒಪ್ಪಿಗೆ ಕೊಟ್ಟಿತು. ಹೆಸರನ್ನು ಕಾಯಲೆಂದೇ ಹುಟ್ಟಿದ ಸಂಘ!

ಟ್ರಂಬೊ ಕದ್ದುಮುಚ್ಚಿ ಬರೆದರು. ‘ರೋಮನ್ ಹಾಲಿಡೇ’ (1953) ಅವರ ಕಥೆ. ಅರಮನೆಯಿಂದ ತಪ್ಪಿಸಿಕೊಂಡು ಒಂದು ದಿನ ಊರು ಸುತ್ತುವ ರಾಜಕುಮಾರಿಯ ಕಥೆ ಅದು. ಸ್ಟುಡಿಯೋಗೆ ಅದನ್ನು ಕೊಟ್ಟದ್ದು ಅವರ ಗೆಳೆಯ ಇಯಾನ್ ಮೆಕ್‌ಲೆಲನ್ ಹಂಟರ್, ತನ್ನ ಹೆಸರಿನಲ್ಲಿ. ಬಂದ ಹಣವನ್ನು ಹಂಟರ್ ಟ್ರಂಬೊಗೆ ತಲುಪಿಸಿದರು. ಆದರೆ 1954ರಲ್ಲಿ ಆಸ್ಕರ್ ಬಂದದ್ದು ಹಂಟರ್ ಹೆಸರಿಗೆ. ಅದೇ ವರ್ಷ ಗಿಲ್ಡ್‌ನ ಹಾಸ್ಯಚಿತ್ರ ಪ್ರಶಸ್ತಿಯೂ ಹಂಟರ್ ಮತ್ತು ಜಾನ್ ಡೈಟನ್ ಹೆಸರಿಗೆ. ಟ್ರಂಬೊ ಹೆಸರು ಎಲ್ಲೂ ಇಲ್ಲ. 1957ರಲ್ಲಿ ‘ದಿ ಬ್ರೇವ್ ಒನ್’ ಚಿತ್ರದ ಕಥೆಗೆ ‘ರಾಬರ್ಟ್ ರಿಚ್’ ಎಂಬವರಿಗೆ ಆಸ್ಕರ್ ಘೋಷಿಸಿದಾಗ ವೇದಿಕೆಗೆ ಬರಲು ಅಂಥ ಬರಹಗಾರನೇ ಇರಲಿಲ್ಲ. ಅದೂ ಟ್ರಂಬೊ. ಅವರಿಗೆ ತಮ್ಮ ಸ್ವಂತ ಹೆಸರು ಪರದೆಯ ಮೇಲೆ ವಾಪಸ್ ಸಿಕ್ಕಿದ್ದು 1960ರಲ್ಲಿ, ‘ಸ್ಪಾರ್ಟಕಸ್’ ಮತ್ತು ‘ಎಕ್ಸೋಡಸ್’ ಚಿತ್ರಗಳಲ್ಲಿ. 1970ರಲ್ಲಿ ಗಿಲ್ಡ್ ತನ್ನ ಜೀವಮಾನ ಸಾಧನೆಯ ‘ಲಾರೆಲ್’ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. 1976ರಲ್ಲಿ ಅವರು ತೀರಿಕೊಂಡರು. ‘ರೋಮನ್ ಹಾಲಿಡೇ’ ಆಸ್ಕರ್ 1993ರಲ್ಲಿ ಅವರ ಹೆಂಡತಿಯ ಕೈಗೆ ಬಂತು.

ಚಿತ್ರದ ಮೇಲಿನ ಹೆಸರು ಮಾತ್ರ ಇನ್ನೂ ತಪ್ಪಾಗಿಯೇ ಇತ್ತು. ಅದನ್ನು ಸರಿಮಾಡಲು ಬೆನ್ನು ಹತ್ತಿದವರು ಇಬ್ಬರು: ಟ್ರಂಬೊ ಅವರ ಮಗ ಕ್ರಿಸ್ಟೋಫರ್ ಮತ್ತು ಹಂಟರ್ ಅವರ ಮಗ ಟಿಮ್. ಟಿಮ್ ಯಾಕೆ ಎಂದು ಯೋಚಿಸಿ. ಹೆಸರು ಸರಿಯಾದರೆ ಕಡಿಮೆಯಾಗುವುದು ತನ್ನ ತಂದೆಯ ಪಾಲೇ. ಡಿಸೆಂಬರ್ 2011ರಲ್ಲಿ ಗಿಲ್ಡ್ ಹೊಸ ಸಾಲು ಪ್ರಕಟಿಸಿತು. ಕಥೆ ಟ್ರಂಬೊ ಅವರದು; ಚಿತ್ರಕಥೆ ಟ್ರಂಬೊ, ಹಂಟರ್ ಮತ್ತು ಡೈಟನ್ ಅವರದು. ಚಿತ್ರ ಬಂದು 58 ವರ್ಷ ಆಗಿತ್ತು. ಅದೇ ವರ್ಷದ ಜನವರಿಯಲ್ಲಿ ಕ್ರಿಸ್ಟೋಫರ್ ತೀರಿಕೊಂಡಿದ್ದರು, ಅವರು ಇದನ್ನು ನೋಡಲಿಲ್ಲ.

ಇದನ್ನು ಓದಿದ ರಾತ್ರಿ ನಾನು ಗೆಳತಿಗೆ ಫೋನ್ ಮಾಡಿದೆ. 58 ವರ್ಷ ಕಾಯುವುದು ಬೇಡ ಎಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ಮಾರನೇ ದಿನ ಎಲ್ಲ ಹೇಳಿದೆ.

ನಮ್ಮದೇ ಒಂದು ತೀರ್ಪು

ಗಿಲ್ಡ್ ಮಾಡುವಂತೆಯೇ ಮಾಡಿ ನೋಡೋಣ ಎಂದುಕೊಂಡೆವು. ನನ್ನ ಮೊದಲ ಕರಡು ಮತ್ತು ಆಡಿದ ನಾಟಕದ ಪ್ರತಿ ಎರಡನ್ನೂ, ಕೈಬರಹದಿಂದ ಗುರುತು ಸಿಗದಂತೆ ಟೈಪ್ ಮಾಡಿ, ‘ಎ’ ಮತ್ತು ‘ಬಿ’ ಎಂದು ಗುರುತು ಹಾಕಿದೆವು. ಎ ಎಂದರೆ ನಾನು. ಕನ್ನಡ ಉಪನ್ಯಾಸಕರಿಗೂ, ಇಂಗ್ಲಿಷ್ ಮೇಡಂಗೂ, ಅಕೌಂಟೆನ್ಸಿ ಸರ್‌ಗೂ ಬೇರೆ ಬೇರೆಯಾಗಿ ಕೊಟ್ಟು ನಾಲ್ಕು ಅಂಶಗಳ ಹಾಳೆಯನ್ನೂ ಲಗತ್ತಿಸಿದೆವು. ನಾಟಕವನ್ನು ಅವರೆಲ್ಲ ನೋಡಿದ್ದರಿಂದ ಗುಟ್ಟು ಪೂರ್ತಿ ಉಳಿಯಲಿಲ್ಲ, ಆದರೂ ಯಾವ ಕರಡು ಯಾರದು ಎಂದು ಅವರಿಗೆ ಗೊತ್ತಿರಲಿಲ್ಲ.

ಕನ್ನಡ ಸರ್ ಬಿ ಪಾಲು 60 ಎಂದರು. ಸಂಭಾಷಣೆ ಅವರಿಗೆ ದೊಡ್ಡದು, ಮೂರನೇ ದೃಶ್ಯ ಅದಕ್ಕಿಂತ ದೊಡ್ಡದು. ಇಂಗ್ಲಿಷ್ ಮೇಡಂ ಸರಿಯಾಗಿ 50 ಎಂದರು: ಬಟ್ಟೆ ಮಡಚುವ ದೃಶ್ಯ ಬಂದ ಮೇಲೆ ಮುಂದಿನ ದೃಶ್ಯದ ಅರ್ಥವೂ ಬದಲಾಯಿತು, ತಾಯಿಯ ಪಾತ್ರ ಹುಟ್ಟಿದ್ದೇ ಅಲ್ಲಿ ಎಂದು ಬರೆದರು. ಅಕೌಂಟೆನ್ಸಿ ಸರ್ 40. “ಕಟ್ಟಡ ಎ ಅವರದು, ಬಣ್ಣ ಮತ್ತು ಒಂದು ಕೋಣೆ ಬಿ ಅವರದು” ಎಂಬುದು ಅವರ ಟಿಪ್ಪಣಿ. ಮೂವರಲ್ಲಿ ಇಬ್ಬರು 50 ಅಥವಾ ಹೆಚ್ಚು ಎಂದದ್ದರಿಂದ ಗಿಲ್ಡ್ ನಿಯಮದಂತೆಯೇ ಬಿಗೆ ರಚನೆಯಲ್ಲಿ ಹೆಸರು ಸಿಗಬೇಕು. ಒಟ್ಟಿಗೆ ಕುಳಿತು ಬರೆದದ್ದಲ್ಲವಾದ್ದರಿಂದ & ಅಲ್ಲ, ‘ಮತ್ತು’.

ಬಿ ಹೆಸರು ಮೊದಲು ಬರಲಿ ಎಂದು ನಾನು ಕೇಳಿಕೊಂಡೆ. ಅಕೌಂಟೆನ್ಸಿ ಸರ್ ಒಪ್ಪಲಿಲ್ಲ. “ಇದು ದಾನ ಅಲ್ಲಮ್ಮ, ಲೆಕ್ಕ. ಮೂರು ಹಾಳೆಯ ಸರಾಸರಿ 50, ಅಲ್ಲಿಗೆ ಸಮ. ಸಮ ಇದ್ದಾಗ ಮೊದಲು ಬರೆದವರು ಮೊದಲು” ಎಂದರು. ಹಾಗಾಗಿ ಕಥೆ: ಎ, ರಚನೆ: ಎ ಮತ್ತು ಬಿ. ಹೆಸರುಗಳಿರುವ ತಿದ್ದುಪಡಿ ಈ ಸಂಚಿಕೆಯ ಕೊನೆಯ ಪುಟದಲ್ಲಿ ಇದೆ. ಈ ಲೇಖನದಲ್ಲಿ ಗಿಲ್ಡ್ ಪದ್ಧತಿಯಂತೆ ಅಕ್ಷರಗಳನ್ನೇ ಇಟ್ಟಿದ್ದೇನೆ.

ಬಹುಮಾನದ ನಗದು 500 ರೂಪಾಯಿ. ಕಥೆಗೆ ಶೇ. 25 ಎಂದರೆ 125. ಉಳಿದ 375ರಲ್ಲಿ ಇಬ್ಬರಿಗೂ 187 ರೂಪಾಯಿ 50 ಪೈಸೆ. ನಾನು ಆಗಲೇ ಆ ಹಣದಲ್ಲಿ ಒಂದು ಗೈಡ್ ಕೊಂಡಿದ್ದರಿಂದ ಅಮ್ಮಿಯ ಹತ್ತಿರ ಸಾಲ ಪಡೆದು ಕೊಟ್ಟೆ. 50 ಪೈಸೆ ನಾಣ್ಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ, 188 ಕೊಟ್ಟೆ. ಗೆಳತಿ ಎಣಿಸಿಕೊಂಡು, “ಹೆಸರು ಸರಿ ಮಾಡಿಸ್ತೀಯಾ ಅಂತಾನೇ ಕಾಯ್ತಿದ್ದೆ, ಕೇಳೋಕೆ ನಾಚಿಕೆ ಆಗಿತ್ತು” ಎಂದಳು. ಪರವಾಗಿಲ್ಲ ಬಿಡೇ ಎಂದಿದ್ದವಳು ಅವಳೇ.

ಪ್ರಮಾಣಪತ್ರದಲ್ಲಿ ಇನ್ನೂ ಒಂದೇ ಹೆಸರಿದೆ. ಬೇರೆ ಕೊಡಬೇಕೆಂದು ಇಬ್ಬರೂ ಸಹಿ ಹಾಕಿ ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಮುಂದಿನ ವರ್ಷದ ಸ್ಪರ್ಧೆಯ ಅರ್ಜಿಯಲ್ಲಿ ‘ಕಥೆ’ಗೆ ಒಂದು ಗೆರೆ, ‘ರಚನೆ’ಗೆ ಮೂರು ಗೆರೆ ಇರಲಿ ಎಂಬ ಕೋರಿಕೆಯನ್ನೂ ಅದರ ಕೆಳಗೆ ಬರೆದಿದ್ದೇವೆ. ಆ ವಾಕ್ಯ ಬಿ ಬರೆದದ್ದು.